ಗುಂಡು ತಲೆಗೊಂದು ಕುರಿಮರಿ

ಮೊನ್ನೆ ಮನೆಗೆ ಬಣ್ಣ ಹೊಡೆಯಲು ಬಂದವನು ಪಡಸಾಲೆಯ ಕಂಬದ ಮುಂದೆ ಕುಕ್ಕರಗಾಲಲ್ಲಿ ಕೂತು ಯೋಚನೆ ಮಾಡತೊಡಗಿದ. ನಾನು ಆ ಕಡೆ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದೆ.

“ಅಮ್ಮಾ, ಈ ಕಂಬಕ್ಕ ಏನಾಗೈತ್ರಿ? ಬುಡದಾಗ ಸುತ್ತ ಕೊರದಂಗೈತಿ. ಹುಳ ತಿಂದೈತೇನು? ಲಪ್ಪ ಮೆತ್ತಿ ತಗ್ಗು ಮುಚ್ಚಿ ಬಣ್ಣ ಹೊಡದುಬಿಡ್ತೀನಿ, ಗೊತ್ತಾಗಂಗಿಲ್ಲ.”

“ಅದರ ತಂಟೆಗೆ ಹೋದಿ ಅಂದ್ರ ನಿನ್ನ ಕುಂಚ ಮುರದು ಒಲಿಗೆ ಹಾಕ್ತೀನಿ” ಅಂದೆ.

ಅವನು ಗಾಬರಿಯಾಗಿ ಕುಂಚವನ್ನು ಬೆನ್ನ ಹಿಂದೆ ಇಟ್ಟುಕೊಂಡ. ಪಾಪ, ಅವನದೇನು ತಪ್ಪಿಲ್ಲ. ಆದರೆ ಆ ಗುರುತು ಹುಳದ್ದಲ್ಲ, ಹಗ್ಗದ್ದು. ಆ ಹಗ್ಗದಲ್ಲಿ ನಾನು ಕುರಿಮರಿ ಕಟ್ಟಿದ್ದೆ. ಕುರಿ ಸಾಕುವ ಮನೆಯಲ್ಲಿ ಮರಿಗಳನ್ನು ಹಿಂದಿನ ಹಟ್ಟಿಯಲ್ಲಿ ಬಿಡುತ್ತಾರೆ, ಪಡಸಾಲೆಯಲ್ಲಿ ಯಾರೂ ತಂದು ಕಟ್ಟುವುದಿಲ್ಲ. ನಾನು ಕಟ್ಟಿದೆ. ಮೊಮ್ಮಗಳ ತಲೆ ಗುಂಡಾಗಲಿ ಅಂತ ಕಟ್ಟಿದೆ. ಕುರಿಮರಿಗೂ ಕೂಸಿನ ತಲೆಗೂ ಎಲ್ಲಿಯ ಸಂಬಂಧ ಅಂತ ಬಣ್ಣದವನು ಕೇಳಿದ. ನೀವೂ ಕೇಳುತ್ತೀರಿ. ಹೇಳುತ್ತೇನೆ. ಆದರೆ ನಡುವೆ ಅತ್ತ ಇತ್ತ ಹೋಗುತ್ತೇನೆ, ತಾಳಿಕೊಳ್ಳಬೇಕು. ಹುಟ್ಟಿದಾಗಿನಿಂದ ಕುರಿಯ ಹಿಂದೆ ನಡೆದವಳು. ನೆಟ್ಟಗೆ ನಡೆದು ಅಭ್ಯಾಸವಿಲ್ಲ.

ನನಗೆ ತಲೆ ನೋಡುವ ಚಟ ಇದೆ. ಮುಖ ನೋಡುವುದಿಲ್ಲ, ತಲೆ. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ಬಸ್ಸು ಹತ್ತಿದರೆ ಮುಂದೆ ಸೀಟು ಖಾಲಿಯಿದ್ದರೂ ನಾನು ಹಿಂದೆಯೇ ಕೂರುತ್ತೇನೆ. ಅಲ್ಲಿಂದ ಸಾಲಾಗಿ ತಲೆಗಳು ಕಾಣುತ್ತವೆ. ನಾನು ಓದಿದ್ದು ಬಸ್ಸಿನ ಬೋರ್ಡು ಕೂಡಿಸಿಕೊಂಡು ಓದುವಷ್ಟು, ಅದೂ ಬಸ್ಸು ನಿಂತಿದ್ದರೆ. ತಲೆ ಓದಲು ಬಸ್ಸು ನಿಲ್ಲಬೇಕಾಗಿಲ್ಲ. ಇದು ಬುಟ್ಟಿಯಲ್ಲಿ ಬೆಳೆದ ತಲೆ, ಇದು ಅಜ್ಜಿಯ ತೊಡೆಯ ಮೇಲೆ ಬೆಳೆದ ತಲೆ, ಇದು ಯಾರೂ ಎತ್ತಿಕೊಳ್ಳದೆ ಮಲಗಿದಲ್ಲೇ ಮಲಗಿದ್ದ ತಲೆ ಅಂತ ಗೊತ್ತಾಗಿಬಿಡುತ್ತದೆ. ಒಂದು ಸಲ ಮುಂದಿನ ಸೀಟಿನಲ್ಲಿ ಇಸ್ತ್ರಿ ಅಂಗಿಯವನೊಬ್ಬ ಕೂತಿದ್ದ. ತಲೆಯ ಹಿಂದೆ ಎಡಗಡೆ ಮಾತ್ರ ತಟ್ಟೆ. ನನಗೆ ಬಾಯಿ ನಿಲ್ಲಲಿಲ್ಲ.

“ತಮ್ಮಾ, ಸಣ್ಣಾವಿದ್ದಾಗ ನಿನ್ನ ತೊಟ್ಟಿಲ ಎಡಕ್ಕ ಒಲಿ ಇತ್ತೇನು?”

ಅವನು ತಲೆ ಮುಟ್ಟಿಕೊಂಡ. ನನ್ನನ್ನು ನೋಡಿದ. ಎದ್ದು ಹೋಗಿ ಡ್ರೈವರನ ಹಿಂದೆ ಕೂತ. ಅಲ್ಲಿಂದಲೂ ತಲೆ ಕಾಣುತ್ತಲೇ ಇತ್ತು.

ಇಷ್ಟೆಲ್ಲ ಹೇಳುವ ನನ್ನ ತಲೆ ಹೇಗಿದೆ ಅಂತ ಕೇಳಿದರೆ, ಹಿಂದೆ ಹಲಗೆ. ನನ್ನ ಅವ್ವ ನನ್ನನ್ನು ಹೊಲದ ಬದುವಿನ ಮೇಲೆ ಬೇವಿನ ಮರದ ಕೆಳಗೆ ಬುಟ್ಟಿಯಲ್ಲಿ ಅಂಗಾತ ಮಲಗಿಸಿ ಕಳೆ ತೆಗೆಯಲು ಹೋಗುತ್ತಿದ್ದಳು. ಸಂಜೆಯವರೆಗೆ ನಾನು ಬೇವಿನ ಎಲೆ ನೋಡಿಕೊಂಡು ಮಲಗಿರುತ್ತಿದ್ದೆ. ಅವ್ವನನ್ನು ಬೈಯುವುದಿಲ್ಲ. ಕಳೆ ಅವಳಿಗಾಗಿ ಕಾಯುತ್ತಿರಲಿಲ್ಲ. ಆದರೆ ತಲೆ ಹಲಗೆಯಾಯಿತು, ಹಾಗೇ ಉಳಿಯಿತು. ತುರುಬು ಕಟ್ಟಿದರೆ ಗೋಡೆಗೆ ಕುಳ್ಳು ತಟ್ಟಿದ ಹಾಗೆ ಕಾಣುತ್ತದೆ. ಗಂಡನ ಮನೆಗೆ ಬಂದ ವಾರದೊಳಗೆ ನನ್ನ ಅತ್ತೆ ನನಗೊಂದು ಹೆಸರಿಟ್ಟಳು. “ಏ ಹಲಗಿ, ನೀರು ತಾ.” “ಹಲಗಿ, ರೊಟ್ಟಿ ಹೊತ್ತೈತಿ ನೋಡು.” ಓಣಿಯವರು ಅದನ್ನೇ ಕಲಿತರು. ಅತ್ತೆ ಸತ್ತ ಮೇಲೂ ಹೆಸರು ಸಾಯಲಿಲ್ಲ. ಇವತ್ತಿಗೂ ನಮ್ಮೂರಲ್ಲಿ ಮಲ್ಲವ್ವನ ಮನೆ ಯಾವುದು ಅಂತ ಕೇಳಿ, ಯಾವ ಮಲ್ಲವ್ವ ಅನ್ನುತ್ತಾರೆ. ಹಲಗಿ ಮಲ್ಲವ್ವ ಅನ್ನಿ, ಬಾಗಿಲವರೆಗೆ ಬಂದು ಬಿಟ್ಟು ಹೋಗುತ್ತಾರೆ.

ನನಗದು ಈಗ ನೋವಲ್ಲ. ಆದರೆ ಒಂದು ಹಟ ಬಂತು. ನಾನು ಎರೆದ ಯಾವ ಕೂಸಿನ ತಲೆಯೂ ಹೆಸರಿಡಿಸಿಕೊಳ್ಳಬಾರದು ಅಂತ. ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ನೀರು ಹಾಕಲು ನನ್ನನ್ನೇ ಕರೆಯುತ್ತಿದ್ದರು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿದರೆ ಅದು ಅಳುವುದನ್ನು ಮರೆತು ನಿದ್ದೆಗೆ ಜಾರುತ್ತಿತ್ತು. ಕೆಲವು ಹೆಂಗಸರು ಕೂಸಿನ ತಲೆಯನ್ನು ಎರಡು ಅಂಗೈ ನಡುವೆ ಹಿಡಿದು ಮುದ್ದೆ ಕಟ್ಟಿದ ಹಾಗೆ ಒತ್ತುತ್ತಾರೆ. ತಲೆ ಮುದ್ದೆಯಲ್ಲ. ನೆತ್ತಿಯ ಮೇಲೆ ಇನ್ನೂ ಎಲುಬು ಕೂಡಿರುವುದಿಲ್ಲ. ಒಳಗೆ ಮಿಡಿಯುವುದು ಬೆರಳಿಗೆ ತಿಳಿಯುತ್ತದೆ. ಅಂಥ ಜಾಗದ ಮೇಲೆ ಜೋರು ತೋರಿಸುವವರ ಕೈಗೆ ನಾನು ಕೂಸು ಕೊಡುವುದಿಲ್ಲ. ತಲೆ ಗುಂಡಾಗುವುದು ಕೈಯಿಂದಲ್ಲ. ಒಂದು ಸಲ ಈ ಮಗ್ಗುಲಿಗೆ ಮುಖ ಮಾಡಿಸು, ಮುಂದಿನ ಸಲ ಆ ಮಗ್ಗುಲಿಗೆ. ಎಚ್ಚರ ಇದ್ದಾಗ ಎತ್ತಿಕೋ, ಹೆಗಲಿಗೆ ಹಾಕಿಕೋ. ಇಷ್ಟೇ. ಇದನ್ನು ದೊಡ್ಡ ವಿದ್ಯೆ ಅಂದುಕೊಂಡು ಓಣಿಯವರು ನನ್ನನ್ನು ಹೊಗಳುತ್ತಿದ್ದರು, ನಾನು ಬೇಡ ಅನ್ನುತ್ತಿರಲಿಲ್ಲ.

ಹೀಗಿರುವಾಗ ನನ್ನ ಮಗಳು ರೇಣುಕಾ ಚೊಚ್ಚಲ ಬಾಣಂತನಕ್ಕೆ ಬಂದಳು. ಆಗಿನ್ನೂ ಊರಿಗೊಂದು ಹಳದಿ ಬೋರ್ಡಿನ ಎಸ್‌ಟಿಡಿ ಬೂತು ಇದ್ದ ಕಾಲ. ಹೆರಿಗೆ ಆಸ್ಪತ್ರೆಯಲ್ಲಿ ಆಯಿತು. ಕೂಸು ಹೊರಗೆ ಬರಲು ಮನಸ್ಸು ಮಾಡಲಿಲ್ಲ, ಡಾಕ್ಟರಮ್ಮ ತಲೆಗೆ ಬಟ್ಟಲಿನಂಥದ್ದು ಹಾಕಿ ಮೆಲ್ಲಗೆ ಎಳೆದು ತೆಗೆದಳು. ಹೆಣ್ಣು ಕೂಸು. ಕೈಕಾಲು ಗಟ್ಟಿ, ದನಿ ಗಟ್ಟಿ. ತಲೆ ಮಾತ್ರ ಹಿಂದಕ್ಕೆ ಉದ್ದಕ್ಕೆ ಹೋಗಿತ್ತು.

“ಬರೋ ದಾರಿ ಸಣ್ಣದು ಅಜ್ಜಿ, ತಲೆಯ ಎಲುಬು ಒಂದರ ಮೇಲೊಂದು ಸರಿದು ದಾರಿ ಮಾಡಿಕೊಳ್ತವೆ. ತಾನೇ ಸರಿಹೋಗುತ್ತೆ. ಒತ್ತೋದು ತಿದ್ದೋದು ಮಾಡಬೇಡಿ” ಅಂದಳು ಡಾಕ್ಟರಮ್ಮ.

“ನನಗ ಗೊತ್ತೈತ್ರಿ. ಕುರಿಮರೀನೂ ಮೂತಿ ಚೂಪ ಮಾಡ್ಕೊಂಡೇ ಬರ್ತಾವು” ಅಂದೆ. ಅವಳು ನಕ್ಕಳು. ನಮ್ಮಿಬ್ಬರಿಗೂ ಸರಿಹೋಯಿತು.

ಸರಿಹೋಗದವಳು ಬೀಗತಿ ಹಾಲಮ್ಮ. ಹಡಗಲಿ ಕಡೆಯವರು, ಮಲ್ಲಿಗೆ ತೋಟದ ಮನೆತನ. ಅವಳ ಸೀರೆ, ಚೀಲ, ದುಡ್ಡು ಎಲ್ಲಕ್ಕೂ ಮಲ್ಲಿಗೆ ವಾಸನೆ. ಮಾತಿಗೆ ಮಾತ್ರ ಇಲ್ಲ. ಬಂದವಳು ಕೂಸಿನ ಕುಲಾವಿ ತೆಗೆದಳು, ನೋಡಿದಳು.

“ಇದೇನ್ರಿ ಬೀಗರ, ಸೋರಿಕಾಯಿ!”

ರೇಣುಕಾ ಗೋಡೆ ಕಡೆ ತಿರುಗಿಕೊಂಡಳು. ಆ ಮನೆಯಲ್ಲಿ ಅವಳ ರೊಟ್ಟಿ ದಪ್ಪ, ಅವಳ ನಡಿಗೆ ಜೋರು, ಅವಳ ತವರಿನ ಕಂಬಳಿ ಚುಚ್ಚುತ್ತದೆ ಅಂತ ಮೊದಲೇ ಮಾತುಗಳಿದ್ದವು. ಈಗ ಇದೊಂದು.

“ಹೋಗ್ಲಿ ಬಿಡ್ರಿ, ಹೆಣ್ಣು ಕೂಸು. ಕೂದ್ಲ ಬಂದ್ರ ಮುಚ್ಚತೈತಿ. ನಮ್ಮ ಕಡೀಗೆ ಯಾರಿಗೂ ಇಂಥಾ ತಲಿ ಇಲ್ಲ ಅಷ್ಟ” ಅಂದು ಹಾಲಮ್ಮ ನನ್ನ ತುರುಬು ನೋಡಿದಳು.

ಈ ಕೂಸಿಗೂ ಒಂದು ಹೆಸರು ಬೀಳುತ್ತಿದೆ ಅಂತ ನನಗೆ ಅಲ್ಲೇ ಗೊತ್ತಾಯಿತು. ಸೋರೆಕಾಯಿ ಅಂತ. ನಾಮಕರಣದಲ್ಲಿ ಇಡುವ ಹೆಸರು ಶಾಲೆಗೆ ಮಾತ್ರ. ಹೀಗೆ ಬೀಳುವ ಹೆಸರು ಸುಡುಗಾಡಿನವರೆಗೆ ಬರುತ್ತದೆ. ನನಗೆ ಬಂದಿದೆಯಲ್ಲ.

“ಬೀಗರ, ಜವಳದ ದಿನ ತಲಿ ಬೋಳಿಸ್ತಾರಲ್ಲ, ಅವತ್ತು ಮಂದಿ ಮುಂದ ನೋಡ್ರಿ. ಗುಂಡಗ ಇರ್ಲಿಲ್ಲ ಅಂದ್ರ ನನ್ನ ಹಲಗಿ ಅನ್ರಿ” ಅಂದೆ.

“ಅದನ್ನ ಈಗ್ಲೇ ಅಂತಾರಂತಲ್ಲ” ಅಂದಳು ಹಾಲಮ್ಮ.

ಬಾಯಿ ಇದೆ ಅವಳಿಗೆ. ಒಪ್ಪಬೇಕು.

ಡಾಕ್ಟರಮ್ಮ ಹೇಳಿದ ಹಾಗೇ ಆಯಿತು. ಕೆಲವು ವಾರದಲ್ಲಿ ತಲೆಯ ಉದ್ದ ತಾನಾಗಿ ಇಳಿಯಿತು. ಓಣಿಯವರು “ಮಲ್ಲವ್ವನ ಕೈಗುಣ” ಅಂದರು. ನಾನು ಸೆರಗು ಸರಿಮಾಡಿಕೊಂಡೆ. ನಾಮಕರಣ ಮಾಡಿ ಕೊಟ್ರಮ್ಮ ಅಂತ ಹೆಸರಿಟ್ಟು ತೊಟ್ಟಿಲಿಗೆ ಹಾಕಿದೆವು. ಕತೆ ಇಲ್ಲಿಗೇ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಕೂಸು ಕಣ್ಣು ನಿಲ್ಲಿಸಿ ನೋಡಲು ಶುರುಮಾಡಿದ ಮೇಲೆ ಒಂದು ದಿನ ನೀರು ಹಾಕುವಾಗ ನನ್ನ ಹೆಬ್ಬೆರಳು ಅದರ ತಲೆಯ ಹಿಂದೆ, ಬಲಗಡೆ, ಒಂದು ಕಡೆ ನಿಂತಿತು. ಗುಂಡು ಇರಬೇಕಾದಲ್ಲಿ ಇರಲಿಲ್ಲ. ಚಪ್ಪಟೆ. ನೀರಿನ ತಂಬಿಗೆ ಕೆಳಗಿಟ್ಟೆ. ಊರ ಕೂಸುಗಳ ತಲೆ ಕಾಯ್ದವಳ ಮನೆಯಲ್ಲೇ, ನನ್ನ ಕಾಲ ಮೇಲೆಯೇ ಹಲಗೆ ಹುಟ್ಟುತ್ತಿತ್ತು.

ಯಾಕೆ ಅಂತ ತೊಟ್ಟಿಲ ಮುಂದೆ ಕೂತು ನೋಡಿದೆ. ನಾನು ಮುಖ ಎಡಕ್ಕೆ ಮಾಡಿಸಿ ಮಲಗಿಸುವುದು, ಅದು ನನ್ನ ಕೈ ಬಿಟ್ಟ ಕೂಡಲೇ ಬಲಕ್ಕೆ ತಿರುಗುವುದು. ಬಲಕ್ಕೆ ಏನಿದೆ? ಮುಂಬಾಗಿಲು. ನಮ್ಮ ಮನೆ ಮೂಡಲ ಬಾಗಿಲಿನದು. ಬೆಳಕು ಅಲ್ಲಿಂದ, ಕೋಳಿ ಅಲ್ಲಿಂದ, ಬಳೆ ಆಡಿಸುತ್ತ ಬರುವ ಹೆಂಗಸರು ಅಲ್ಲಿಂದ. ಬಂದವರು ಕೂರುವುದೂ ಬಾಗಿಲ ಪಕ್ಕದ ಗೋಡೆಗೆ. ಕೂಸಿಗೆ ಇಡೀ ಲೋಕ ಬಲಗಡೆಯೇ ಇತ್ತು. ಎಡಗಡೆ ಕಂಬ, ಅದರ ಹಿಂದೆ ಯಾವಾಗಲೂ ಮುಚ್ಚಿರುವ ಹಿತ್ತಲ ಬಾಗಿಲು, ಕತ್ತಲೆ.

ಸೂಜಿ ಹಾಕಲು ಬಂದ ಸರ್ಕಾರಿ ನರ್ಸಮ್ಮನಿಗೆ ತೋರಿಸಿದೆ. ಒಳ್ಳೆಯ ಹೆಂಗಸು, ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಬರುತ್ತಿದ್ದಳು.

“ಎಚ್ಚರ ಇದ್ದಾಗ ಸ್ವಲ್ಪ ಹೊತ್ತು ಬೋರಲು ಹಾಕ್ರಿ, ಕಣ್ಣ ಮುಂದ ಇಟ್ಕೊಂಡು. ಆಮ್ಯಾಲೆ ತೊಟ್ಲದಾಗ ತಲಿ ಇದ್ದ ಕಡಿ ಕಾಲು, ಕಾಲಿದ್ದ ಕಡಿ ತಲಿ ಮಾಡ್ರಿ. ಆಗ ಬಾಗಿಲ ಎಡಕ್ಕ ಬರತೈತಿ, ತಾನೇ ತಿರುಗತೈತಿ. ಇಷ್ಟ.”

ಇಷ್ಟೇ ಅಂದಳು. ನನಗೂ ತಿಳಿಯಿತು, ಒಪ್ಪಿಗೆಯಾಯಿತು. ಆದರೆ ನಮ್ಮ ತೊಟ್ಟಿಲು ತೂಗುವುದು ಒಂದೇ ತೊಲೆಗೆ. ತಲೆ ತೆಂಕಲಿಗೆ ಇರುತ್ತದೆ. ತಿರುವಿದರೆ ಬಡಗಲಿಗೆ ಹೋಗುತ್ತದೆ.

“ಉತ್ತರಕ್ಕ ತಲಿ?” ಅಂದ ನನ್ನ ಗಂಡ. ಕುರಿಗಳ ಜೊತೆ ಇದ್ದು ಇದ್ದು ಮಾತು ಕಡಿಮೆಯಾದ ಮನುಷ್ಯ, ಅವನೇ ಬಾಯಿ ಬಿಟ್ಟ. “ಹೆಣ ಮಲಗಿಸ್ತಾರ ಹಂಗ. ನಾನು ಬದುಕಿರೋತನ ಆಗಂಗಿಲ್ಲ.”

ನಿಜ ಹೇಳಬೇಕೆಂದರೆ ನನಗೂ ಮನಸ್ಸಿರಲಿಲ್ಲ. ನಾನು ಅಂಜದ ಹೆಂಗಸು, ಹೋರಿಯ ಕೊಂಬು ಹಿಡಿದವಳು, ಆದರೆ ಕೂಸಿನ ತಲೆಯನ್ನು ಉತ್ತರಕ್ಕೆ ಇಡು ಅಂದರೆ ಕೈ ಬರುವುದಿಲ್ಲ. ನಗಬೇಡಿ, ನೀವೂ ಇಡುವುದಿಲ್ಲ.

ನರ್ಸಮ್ಮ ಸೈಕಲ್ ಹತ್ತುತ್ತ, “ಕೂಸಿನ ತಿರುವಾಕ ಆಗಂಗಿಲ್ಲ ಅಂದ್ರ ಮನೀನ ತಿರುವ್ರಿ ಹಂಗಾರ” ಅಂದು ನಕ್ಕು ಹೋದಳು. ಅವಳು ತಮಾಷೆಗೆ ಅಂದದ್ದು. ನಾನು ರಾತ್ರಿ ಅಡಿಗೆ ಮಾಡುವವರೆಗೂ ಅದನ್ನೇ ಅಗಿಯುತ್ತಿದ್ದೆ. ಮರುದಿನ ಬೆಳಗಾಗುತ್ತಲೇ ಮನೆ ತಿರುವಿದೆ.

ಮುಂಬಾಗಿಲು ಹಾಕಿ ಚಿಲಕ ಜಡಿದೆ. ಸಂದಿನ ಬೆಳಕೂ ಬರಬಾರದು ಅಂತ ಅದರ ಮೇಲೆ ಕರಿ ಕಂಬಳಿ ತೂಗಿಬಿಟ್ಟೆ. ಹಿತ್ತಲ ಬಾಗಿಲು ಪೂರ್ತಿ ತೆರೆದೆ. ಅದರಾಚೆ ಕುರಿಹಟ್ಟಿ, ಬೆಳಕೂ ಬಂತು, ಕುರಿಗಳ ದನಿಯೂ ಬಂತು. ಆಮೇಲೆ ಹಟ್ಟಿಯಿಂದ ಬಿಳಿ ಮರಿಯೊಂದನ್ನು ಎತ್ತಿ ತಂದು ಎಡಗಡೆಯ ಕಂಬಕ್ಕೆ ಕಟ್ಟಿದೆ. ಅದು ಮ್ಯಾ ಅಂದಿತು, ಹಟ್ಟಿಯಿಂದ ಅದರ ತಾಯಿ ಮ್ಯಾ ಅಂದಿತು. ಕೊಟ್ರಮ್ಮ ಬಲಕ್ಕೆ ನೋಡುತ್ತ ಮಲಗಿದ್ದವಳು ಕಿವಿ ನಿಮಿರಿಸಿದಳು. ಕತ್ತು ಮೆಲ್ಲಗೆ ತಿರುಗಿತು. ನಡುವೆ ಬಂದು ನಿಂತಿತು. ಮರಿ ಒಂದು ಸಲ ಜಿಗಿಯಿತು. ಕೂಸು ಎಡಕ್ಕೆ ತಿರುಗಿ, ಕಣ್ಣು ಅಷ್ಟಗಲ ಮಾಡಿ, ಮರಿಯನ್ನೇ ನೋಡಿತು.

“ರೇಣೀ, ಬಾರವ್ವಾ, ನಿನ್ನ ಮಗಳು ಕುರುಬರ ಮಗಳು ಹೌದು!” ಅಂತ ಕೂಗಿದೆ.

ಆಮೇಲಿನ ತಿಂಗಳುಗಳು ಹೇಗೆ ಹೋದವು ಅಂತ ನಮ್ಮ ಓಣಿಯವರನ್ನು ಕೇಳಬೇಕು. ನೀರಿನ ಕೊಡ ಹೊತ್ತು ಬರುವವಳೂ ಹಟ್ಟಿ ಸುತ್ತಿ ಬರಬೇಕು, ಸಾಲ ಕೇಳಲು ಬರುವವನೂ ಹಿಕ್ಕೆ ತುಳಿದೇ ಬರಬೇಕು. ನಮ್ಮ ಕಡೆ ಹಗಲು ಹೊತ್ತಿನಲ್ಲಿ ಮುಂಬಾಗಿಲು ಹಾಕಿದರೆ ಮನೆಯವರು ಊರಲ್ಲಿಲ್ಲ ಅಂತ ಅರ್ಥ, ಇಲ್ಲವೇ ಒಳಗೆ ಏನೋ ಕೆಟ್ಟದ್ದಾಗಿದೆ ಅಂತ. ಮೊದಲ ದಿನವೇ ಪಕ್ಕದ ಓಣಿಯ ಗಂಗವ್ವ ಬಾಗಿಲ ಮುಂದೆ ಎದೆ ಬಡಿದುಕೊಂಡು ಅಳತೊಡಗಿದಳು. “ಎಷ್ಟು ಚಲೋ ಮನಿಷ್ಯಾ ಇದ್ದನವ್ವಾ, ಯಾರಿಗೂ ಒಂದು ಮಾತು ಅಂದಾವಲ್ಲ!” ಅಂತ. ನನ್ನ ಗಂಡ ಹಟ್ಟಿಯಿಂದ ಎದ್ದು ಹೋಗಿ ಅವಳ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡ. ತನ್ನ ಬಗ್ಗೆ ಅಷ್ಟು ಒಳ್ಳೆಯ ಮಾತು ಅವನು ಯಾವತ್ತೂ ಕೇಳಿರಲಿಲ್ಲ. ಪೂರ್ತಿ ಆಗುವವರೆಗೆ ಸುಮ್ಮನಿದ್ದು, ಆಮೇಲೆ ಕೆಮ್ಮಿದ. ಗಂಗವ್ವ ಓಡಿದ್ದು ನೋಡಬೇಕಿತ್ತು.

“ಮುಂಬಾಗ್ಲ ಹಾಕಿದ್ರ ಲಕ್ಷ್ಮಿ ಎಲ್ಲಿಂದ ಬರಬೇಕ ಮಲ್ಲವ್ವಾ?” ಅಂತ ಇನ್ನೊಬ್ಬಳು ಕೇಳಿದಳು.

“ಹಿಂದಿಂದ ಬರ್ಲಿ. ಅಕಿಗೇನು ಕಾಲಿಲ್ಲೇನು?” ಅಂದೆ. ಅಂದೆನೇನೋ ಸರಿ, ಆದರೆ ದೀಪ ಹಚ್ಚುವ ಹೊತ್ತಿಗೆ ಕಂಬಳಿ ಸರಿಸಿ ಬಾಗಿಲು ತೆರೆಯುತ್ತಿದ್ದೆ. ಅಷ್ಟೊತ್ತಿಗೆ ಹೊರಗೆ ಬೆಳಕೂ ಇರುತ್ತಿರಲಿಲ್ಲ, ಕೂಸೂ ನಿದ್ದೆ ಹೋಗಿರುತ್ತಿತ್ತು. ಲಕ್ಷ್ಮಿಯನ್ನು ಯಾಕೆ ಎದುರು ಹಾಕಿಕೊಳ್ಳಬೇಕು.

ನನ್ನ ಗಂಡನಿಗೆ ಕೂಸಿಗಿಂತ ಮರಿಯ ಚಿಂತೆ. ದಿನಾ ಕಟ್ಟಿದರೆ ಸೊರಗುತ್ತದೆ ಅಂತ ಒಂದೊಂದು ದಿನ ಒಂದೊಂದು ಮರಿ, ಅದೂ ತಾಯಿಯ ಹಾಲು ಕುಡಿದ ಮೇಲೆಯೇ. ಬೆಳಿಗ್ಗೆ ಹಟ್ಟಿಯಿಂದ ಕೂಗುತ್ತಿದ್ದ: “ಲೇ, ಇವತ್ತು ಯಾವ್ದರ ಡ್ಯೂಟಿ?” ಮರಿಗಳು ದೊಡ್ಡವಾಗುತ್ತ ಹೋದ ಹಾಗೆ ಎಳೆತವೂ ಜೋರಾಯಿತು, ಹಗ್ಗ ಕಂಬವನ್ನು ಕೊರೆಯಿತು. ರೇಣುಕಾ ಕೂಡ ಹಾಲು ಕೊಡಲು, ಹಾಡಲು, ಬೈಯಲು ಕಂಬದ ಕಡೆಗೇ ಕೂರುತ್ತಿದ್ದಳು. ನರ್ಸಮ್ಮ ಹೇಳಿದ ಹಾಗೆ ಕಂಬಳಿಯ ಮೇಲೆ ಬೋರಲು ಹಾಕಿದರೆ ಕೊಟ್ರಮ್ಮ ತಲೆ ಎತ್ತಿ ಮರಿಯ ಜೊತೆ ಮುಖಾಮುಖಿ ಮಾತಾಡುತ್ತಿದ್ದಳು. ನಾನು ದಿನಾ ನೀರು ಹಾಕುವಾಗ ಹೆಬ್ಬೆರಳಿನಿಂದ ಆ ಜಾಗ ಸವರುತ್ತಿದ್ದೆ. ಒಂದು ದಿನ ತುಂಬಿದೆ ಅನ್ನಿಸುತ್ತಿತ್ತು, ಮರುದಿನ ಇಲ್ಲ ಅನ್ನಿಸುತ್ತಿತ್ತು.

ಇದರ ನಡುವೆ ಹೇಳದೆ ಕೇಳದೆ ಹಾಲಮ್ಮ ಬಂದಳು. ರೇಷ್ಮೆ ಅಂಚಿನ ಸೀರೆ, ಜೊತೆಗೆ ಇಬ್ಬರು ಹೆಂಗಸರು, ಒಂದು ಬುಟ್ಟಿ ಮಲ್ಲಿಗೆ. ಮುಂಬಾಗಿಲು ಬಡಿದಳು.

“ಏನ್ರಿ ಬೀಗರ, ನಮ್ಮನ್ನ ಕಂಡು ಬಾಗ್ಲ ಹಾಕ್ಕೊಂಡ್ರೇನು?”

ಒಳಗೆ ಕೂಸು ಮರಿಯನ್ನು ನೋಡುತ್ತ ಮಲಗಿತ್ತು. ಬಡಿದ ಸದ್ದಿಗೆ ಕತ್ತು ಬಲಕ್ಕೆ ಬರತೊಡಗಿತು.

“ಬಡೀಬ್ಯಾಡ್ರಿ! ಹಿಂದಿಂದ ಬರ್ರಿ!” ಅಂತ ಕೂಗಿದೆ.

“ಹಿಂದಿಂದ? ನಾವೇನು ಕುರಿ ಕದಿಯಾಕ ಬಂದೀವೇನು?”

“ಎವ್ವಾ, ತೆಗಿಯವ್ವಾ ಬಾಗ್ಲ” ಅಂದಳು ರೇಣುಕಾ. ಕಣ್ಣಲ್ಲಿ ನೀರು. “ನಾ ಅಲ್ಲಿ ಹೋಗಿ ಬಾಳೇ ಮಾಡಬೇಕು. ನಿನಗೇನು, ನೀ ಇಲ್ಲೇ ಇರ್ತಿ.”

ಅವಳು ಹೇಳಿದ್ದು ಸುಳ್ಳಲ್ಲ. ಚಿಲಕದ ಮೇಲೆ ಕೈ ಇಟ್ಟೆ. ಹಾಗೇ ಕೂಸನ್ನು ನೋಡಿದೆ. ಈ ಒಂದು ಸಲ ತೆರೆದರೆ ತಲೆ ಚಪ್ಪಟೆಯಾಗಿಬಿಡುವುದಿಲ್ಲ, ಅಷ್ಟು ನನಗೂ ಗೊತ್ತು. ಆದರೆ ಹಾಲಮ್ಮನಿಗೆ ತೆರೆದ ಬಾಗಿಲನ್ನು ಆಮೇಲೆ ಓಣಿಯವರಿಗೆ ಯಾವ ಬಾಯಿಂದ ಹಾಕಲಿ? ಕೈ ತೆಗೆದೆ. ಹಟ್ಟಿ ಸುತ್ತಿ ಹೊರಗೆ ಹೋಗಿ ಅವಳ ಮುಂದೆ ನಿಂತೆ.

“ಬೀಗರ, ನಿಮಗ ಅವಮಾನ ಮಾಡಾಕಲ್ಲ. ಕೂಸಿನ ತಲಿ ಬಲಕ್ಕ ಚಪ್ಪಟಿ ಆಗಾಕತ್ತಿತ್ತು. ಬಾಗ್ಲ ತೆಗದ್ರ ಈ ಕಡೀಗೆ ತಿರುಗತೈತಿ. ನಿಮ್ಮ ಮೊಮ್ಮಗಳದ ತಲಿ. ನಿಮ್ಮ ಸೀರಿ ದೊಡ್ಡದೋ, ಅದು ದೊಡ್ಡದೋ, ನೀವ ಹೇಳ್ರಿ.”

ಹಾಲಮ್ಮ ನನ್ನನ್ನು ನೋಡಿದಳು. ಹಟ್ಟಿಯನ್ನು ನೋಡಿದಳು. ಸೀರೆ ಎತ್ತಿ ಕಟ್ಟಿದಳು. ಕುರಿಗಳು ಅವಳನ್ನು ನಡುವೆ ಹಾಕಿಕೊಂಡವು, ಒಂದು ಟಗರು ಮಲ್ಲಿಗೆ ಬುಟ್ಟಿಗೆ ಬಾಯಿ ಹಾಕಿತು, ಹಿತ್ತಲ ಬಾಗಿಲಿನ ಮೇಲ್ಪಟ್ಟಿ ತಗ್ಗು, ಅವಳ ಹಣೆಗೆ ಟಣ್ ಅಂತ ಬಡಿಯಿತು. ಒಳಗೆ ಬಂದು ಮುಂಬಾಗಿಲ ಕಡೆಯ ಗೋಡೆಗೆ ಕೂರಲು ಹೋದಳು.

“ಅಲ್ಲಲ್ಲ, ಈ ಕಡೆ” ಅಂದು ಮರಿಯ ಪಕ್ಕ ಚಾಪೆ ಹಾಸಿದೆ.

“ನನ್ನ ಕುರಿ ಜೋಡಿ ಕುಂದರ್ಸಿದ್ಲವ್ವಾ ಬೀಗತಿ!” ಅಂತ ಜೊತೆಯ ಹೆಂಗಸರಿಗೆ ಹೇಳುತ್ತಲೇ ಕೂತಳು. ಕೂತವಳ ಕೈಬಳೆ ಆಡಿದವು. ಕೂಸು ಮರಿಯನ್ನು ಬಿಟ್ಟು ಅವಳನ್ನು ನೋಡಿತು, ಬಾಯಿ ತುಂಬ ನಕ್ಕಿತು. ಹಾಲಮ್ಮ ಹಣೆ ಉಜ್ಜಿಕೊಳ್ಳುವುದನ್ನು ಮರೆತಳು. ಸಂಜೆ ಬಸ್ಸಿನ ಹೊತ್ತಾದರೂ ಏಳಲಿಲ್ಲ.

ಆದರೆ ಹೋಗುವಾಗ ಗಟ್ಟಿಯಾಗಿ ಅಂದಳು: “ಜವಳದ ದಿನ ನೋಡೋಣ. ತಲಿ ನೆಟ್ಟಗಿರ್ಲಿಲ್ಲ ಅಂದ್ರ ನಾ ನಿಮ್ಮ ಮನಿಗೆ ಮುಂದಿಂದನೂ ಬರಂಗಿಲ್ಲ, ಹಿಂದಿಂದನೂ ಬರಂಗಿಲ್ಲ. ನಿಮ್ಮ ಮಗಳನ್ನೂ ಇಲ್ಲಿಗೆ ಕಳ್ಸಂಗಿಲ್ಲ.”

ರೇಣುಕಾ ಆ ರಾತ್ರಿ ಉಣ್ಣಲಿಲ್ಲ. ನಾನು ಉಂಡೆ. ಹಸಿದುಕೊಂಡರೆ ತಲೆ ಗುಂಡಾಗುತ್ತದೆಯೇ?

ತೊಟ್ಟಿಲ ಕಾಲ ಮುಗಿದು ಕೂಸು ಕೂರುವಂತಾಯಿತು, ಅಂಬೆಗಾಲಿಟ್ಟಿತು, ಅಪ್ಪನ ಮನೆಗೂ ಹೋಗಿ ಬಂತು. ಅಷ್ಟೊತ್ತಿಗೆ ಕೂದಲು ಕಾಡಾಗಿ ಬೆಳೆದು ಒಳಗೆ ಏನಿದೆ ಅಂತ ಕಣ್ಣಿಗೆ ಕಾಣುತ್ತಿರಲಿಲ್ಲ. ವರ್ಷ ತುಂಬುವ ಮೊದಲು ನಮ್ಮ ದೇವರ ಗುಡಿಯ ಮುಂದೆ, ಹುಣಸೆ ಮರದ ನೆರಳಲ್ಲಿ ಜವಳ. ಎರಡೂ ಕಡೆಯ ಮಂದಿ ಸೇರಿದ್ದರು. ಸೋದರಮಾವನಾದ ನನ್ನ ಮಗ ಕೂಸನ್ನು ತೊಡೆಯ ಮೇಲೆ ಹಿಡಿದು ಕೂತ. ಕ್ಷೌರದವನು ನೀರು ಚಿಮುಕಿಸಿ ಕತ್ತಿ ಇಟ್ಟ. ಕೊಟ್ರಮ್ಮ ಊರಿಗೆಲ್ಲ ಕೇಳುವ ಹಾಗೆ ಅತ್ತಳು. ಮುಂದಲೆ ಬಂತು, ನೆತ್ತಿ ಬಂತು. ಹಿಂದಲೆಗೆ ಬರುವಾಗ ನಾನು ಗುಡಿಯ ಗೋಪುರ ನೋಡುತ್ತ ನಿಂತೆ. ಅಂಜಿಕೆಯಿಂದಲ್ಲ. ಬಿಸಿಲಿತ್ತು.

ಅಳು ನಿಂತಿತು. ನೋಡಿದೆ. ಹಾಲಮ್ಮ ಮುಂದೆ ಬಂದು ಕೂಸಿನ ಬೋಳುತಲೆಯ ಮೇಲೆ ಅಂಗೈ ಇಟ್ಟಿದ್ದಳು. ಮುಂದಿನಿಂದ ಹಿಂದಕ್ಕೆ ಸವರಿದಳು, ಎಡಕ್ಕೆ ಸವರಿದಳು, ಬಲಕ್ಕೆ ಸವರಿದಳು. ಬಲಕ್ಕೆ ಇನ್ನೊಂದು ಸಲ. ಕೈ ಎಲ್ಲೂ ತಡೆಯಲಿಲ್ಲ. ಎರಕ ಹೊಯ್ದ ಗುಂಡಿನ ಹಾಗೆ ಎಲೆಗಳ ಸಂದಿನ ಬಿಸಿಲಲ್ಲಿ ಹೊಳೆಯುತ್ತಿತ್ತು ತಲೆ. ಹೆಬ್ಬೆರಳು ಒತ್ತಿ ಹುಡುಕಿದರೆ ಜೋಳದ ಕಾಳಿನಷ್ಟು ವ್ಯತ್ಯಾಸ ಸಿಕ್ಕೀತು. ಆದರೆ ಆ ಹೆಬ್ಬೆರಳು ಇರುವುದು ನನ್ನ ಕೈಗೆ ಮಾತ್ರ.

ಹಾಲಮ್ಮ ಎದ್ದು ನಿಂತು ಮಂದಿಯ ಕಡೆ ತಿರುಗಿದಳು.

“ನೋಡ್ರಿ! ನಮ್ಮ ಮನಿತನದ ತಲಿ!”

ಆ ಕಡೆಯವರೆಲ್ಲ ಹೌದು ಹೌದು ಅಂದರು. ಅಳಿಯ ಹೆಮ್ಮೆಯಿಂದ ತನ್ನ ತಲೆ ಸವರಿಕೊಂಡ. ಕ್ಷೌರದವನು ತನ್ನ ಕತ್ತಿಯ ಗುಣ ಅಂದ. ನಾನು ಬಾಯಿ ತೆರೆದೆ. ರೇಣುಕಾ ನನ್ನ ಸೆರಗು ಹಿಡಿದು ಜಗ್ಗಿದಳು. ಅವಳು ನಗುತ್ತಿದ್ದಳು, ಅತ್ತೆಯ ಪಕ್ಕ ನಿಂತು, ತಲೆ ಎತ್ತಿಕೊಂಡು. ಬಾಯಿ ಮುಚ್ಚಿದೆ. ಅಷ್ಟು ದೊಡ್ಡ ಮಾತನ್ನು ನಾನು ನುಂಗಿದ್ದು ಅದೊಂದೇ ಸಲ. ಜವಳದ ಊಟದ ಹೋಳಿಗೆಗಿಂತ ಕಷ್ಟವಾಗಿ ಇಳಿಯಿತು.

ಆಮೇಲೆ ಎರಡು ಮಳೆಗಾಲ ಹೋದವು. ಹಾಲಮ್ಮನ ಮಗಳು ಹೆತ್ತು ತವರಲ್ಲಿದ್ದಾಳೆ, ಗಂಡು ಕೂಸು ಅಂತ ಸುದ್ದಿ ಬಂತು. ಕೊಬ್ಬರಿ ಬೆಲ್ಲ, ಒಂದು ಹೊಸ ಕಂಬಳಿ ಕಟ್ಟಿಕೊಂಡು ಹಡಗಲಿಗೆ ಹೋದೆ. ಬಸ್ಸಿಳಿದು ಬಿಸಿಲಲ್ಲಿ ನಡೆದು ಅವರ ಮನೆ ಮುಂದೆ ನಿಂತರೆ, ಹಾಡಹಗಲು, ಮುಂಬಾಗಿಲು ಹಾಕಿದೆ. ಬಾಣಂತಿ ಮನೆ, ಏನಾಗಿದೆಯೋ. ಬಾಗಿಲು ಬಡಿದೆ.

“ಯಾರವರು? ಬಡೀಬ್ಯಾಡ್ರಿ!” ಒಳಗಿನಿಂದ ಹಾಲಮ್ಮನ ದನಿ.

“ನಾನ್ರಿ, ಮಲ್ಲವ್ವ.”

ಒಳಗೆ ಗಂಟೆಯೊಂದು ಟಿಣ್ ಅಂದಿತು. ಆಮೇಲೆ ಬಂತು:

“ಹಿಂದಿಂದ ಬರ್ರಿ, ಬೀಗರ!”

ಅವರ ಮನೆಯ ಹಿಂದೆ ದನದ ಕೊಟ್ಟಿಗೆ. ಸೆಗಣಿ, ಗಂಜಲ, ನಡುವೆ ಮಲ್ಲಿಗೆ ಬುಟ್ಟಿಗಳು. ಸೀರೆ ಎತ್ತಿ ಕಟ್ಟಿಕೊಂಡು ನಡೆದೆ. ಬಾಗಿಲು ನಮ್ಮದಕ್ಕಿಂತ ತಗ್ಗು.

“ತಲಿ ಬಗ್ಗಿಸ್ರಿ, ಬಡೀತೈತಿ” ಅಂದಳು ಒಳಗಿನಿಂದ.

ಬಗ್ಗಿಸಿದೆ. ಒಳಗೆ ಕಂಬಕ್ಕೆ ಎಮ್ಮೆ ಕರು ಕಟ್ಟಿತ್ತು, ಕೊರಳಲ್ಲಿ ಗಂಟೆ. ತೊಟ್ಟಿಲ ಪಕ್ಕ ಹಾಲಮ್ಮ ನಿಂತಿದ್ದಳು. ಕುರಿ ಇಲ್ಲವಲ್ಲ, ಇದ್ದುದನ್ನೇ ಕಟ್ಟಿದ್ದಾಳೆ. ಅಭ್ಯಾಸದಂತೆ ಮುಂಬಾಗಿಲ ಕಡೆಯ ಗೋಡೆಗೆ ಕೂರಲು ಹೋದೆ.

“ಅಲ್ಲಲ್ಲ” ಅಂದು ಹಾಲಮ್ಮ ಕರುವಿನ ಪಕ್ಕ ಚಾಪೆ ಹಾಸಿದಳು.

ಕೂತೆ. ಕರು ನನ್ನ ಮೊಣಕೈ ನೆಕ್ಕಿತು. ಬಳೆ ಆಡಿಸಿದೆ. ತೊಟ್ಟಿಲಲ್ಲಿ ಕೂಸು ಮೆಲ್ಲಗೆ ಕತ್ತು ಹೊರಳಿಸಿ ನನ್ನ ಕಡೆ ತಿರುಗಿತು.